ಗಾಜಿನ ತೋಟ ನೋಡಿದ ದಿನ

ಊರು ಬಿಟ್ಟು ಮೂರನೆಯ ವಾರಕ್ಕೆ ಬಿದ್ದಾಗ ಅಕ್ಕನಿಗೆ ತನ್ನ ಕಾಲುಗಳು ಯಾರಿಂದಲೋ ಎರವಲು ತಂದವು ಎನ್ನಿಸತೊಡಗಿತ್ತು. ಬೆಳಿಗ್ಗೆ ಒಂದೊಂದನ್ನೇ ಮಂಚದಿಂದ ಕೆಳಗಿಳಿಸಿ, ಸ್ವಲ್ಪ ಹೊತ್ತು ಕೂತು, ಅವು ಹೇಳಿದ ಮಾತು ಕೇಳುತ್ತವೆಯೋ ಇಲ್ಲವೋ ನೋಡಿಕೊಂಡು ಆಮೇಲೆ ಏಳಬೇಕಿತ್ತು. ಆ ಸೆಕೆಯ ಊರಿನಲ್ಲಿ ಒಗೆದು ಹಾಕಿದ ಬಟ್ಟೆ ಒಣಗುವ ಮಾತೇ ಇರಲಿಲ್ಲ. ಹೋಟೆಲ್ಲಿನ ಆ ಸಣ್ಣ ಕೋಣೆಯ ಕುರ್ಚಿ, ಕಿಟಕಿಯ ಸರಳು, ಬಾಗಿಲ ಚಿಲಕ, ಎಲ್ಲದರ ಮೇಲೂ ತಮ್ಮನ ಬನಿಯನ್ನುಗಳು, ಅವಳ ಟವೆಲುಗಳು ತಣ್ಣಗೆ ಜೋತುಬಿದ್ದಿದ್ದವು. ಫ್ಯಾನು ರಾತ್ರಿಯೆಲ್ಲ ಗೊಣಗಿದ್ದೇ ಗೊಣಗಿದ್ದು, ಗಾಳಿ ಕೊಡುವುದನ್ನು ಮಾತ್ರ ಮರೆತಿತ್ತು.

ತಮ್ಮ ಎದ್ದು ಬಹಳ ಹೊತ್ತಾಗಿತ್ತು. ಸ್ನಾನ ಮುಗಿಸಿ, ಗಡ್ಡ ನುಣ್ಣಗೆ ತೆಗೆದುಕೊಂಡು, ತನ್ನ ಮಂಚದ ತುದಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ.

“ಇವತ್ತು ಎಲ್ಲಿಗೆ?” ಎಂದ, ಶಾಲೆಗೆ ಹೊರಟ ಹುಡುಗ ಮೊದಲನೇ ಪೀರಿಯಡ್ ಯಾವುದೆಂದು ಕೇಳುವ ದನಿಯಲ್ಲಿ.

“ದೊಡ್ಡ ತೋಟ ಒಂದಿದೆಯಂತೆ. ಅದರೊಳಗೆ ಗಾಜಿನ ಪ್ರದರ್ಶನ ಇಟ್ಟಿದಾರಂತೆ. ಗಿಡಮರದ ಮಧ್ಯೆ ಗಾಜಿನ ಹೂವು, ಗಾಜಿನ ಬಳ್ಳಿ. ಕೆಳಗೆ ಕೌಂಟರಿನವನು ಹೇಳಿದ, ಅದನ್ನ ನೋಡದೆ ಹೋದ್ರೆ ಇಲ್ಲಿಗೆ ಬಂದಿದ್ದೇ ದಂಡ ಅಂತ.”

“ಹಿಂದಿನ ಊರಿನವನೂ ಹಾಗೇ ಹೇಳಿದ್ದ. ದೀಪಸ್ತಂಭ ನೋಡದೆ ಹೋದ್ರೆ ದಂಡ ಅಂತ.”

“ಬಂದಿದ್ದಾಯ್ತಲ್ಲ ಗುಂಡ, ನೋಡಿಬಿಡೋಣ.”

“ಸರಿ, ನೋಡಿಬಿಡೋಣ,” ಎಂದ ತಮ್ಮ, ದಾರಕ್ಕೆ ಇನ್ನೊಂದು ಗಂಟು ಬಿಗಿಯುತ್ತ.

ಅಕ್ಕ ದುಡಿದ ಕಾಲವೆಲ್ಲ ದೊಡ್ಡ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಡಾಕ್ಟರು ಕೈ ಚಾಚುವ ಮೊದಲೇ ಆ ಕೈಗೆ ಬೇಕಾದ ಕತ್ತರಿ ಇಟ್ಟು ಇಟ್ಟು, ಎದುರಿನವರಿಗೆ ಏನು ಬೇಕೆಂಬುದು ಅವರಿಗಿಂತ ಮುಂಚೆ ತನಗೇ ಗೊತ್ತಾಗುತ್ತದೆ ಎಂಬ ನಂಬಿಕೆ ಅವಳಲ್ಲಿ ಬೇರುಬಿಟ್ಟಿತ್ತು. ನಿವೃತ್ತಿಯಾದ ಮೇಲೂ ಬೀದಿಯವರಿಗೆಲ್ಲ ಅವಳು ‘ಸಿಸ್ಟರ್’. ಒಡಹುಟ್ಟಿದವನು ಒಬ್ಬನೇ, ಅವನೊಬ್ಬ ಮಾತ್ರ ‘ಅಕ್ಕ’ ಎನ್ನುತ್ತಿದ್ದ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ, ಮೂಗು ಒರೆಸಿ, ಶಾಲೆಗೆ ಅಟ್ಟಿ, ಮನುಷ್ಯನನ್ನಾಗಿ ಮಾಡಿದವಳು ಅವಳೇ. ಆ ಗಡಿಬಿಡಿಯಲ್ಲಿ ಅವಳ ಮದುವೆ ಎಂಬುದು ಎಲ್ಲೋ ಹಿಂದೆ ಉಳಿದುಹೋಯಿತು. ಕಡ್ಡಿಯ ಹಾಗಿದ್ದ ಮಗುವಿಗೆ ಗುಂಡ ಎಂದು ಹೆಸರಿಟ್ಟವಳೂ ಅವಳೇ, ಹಾಗೆ ಕರೆದರಾದರೂ ಮೈ ಹಿಡಿದೀತು ಎಂದು. ಗುಂಡನಿಗೆ ಐವತ್ತು ದಾಟಿದರೂ ಮೈ ಹಿಡಿಯಲಿಲ್ಲ, ಹೆಸರು ಮಾತ್ರ ಗಟ್ಟಿಯಾಗಿ ಹಿಡಿಯಿತು.

ಗುಂಡನದು ಕ್ಷೌರದ ಅಂಗಡಿ. ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ, ಗೋಡೆಯುದ್ದಕ್ಕೂ ಕನ್ನಡಿ, ಎರಡು ತಿರುಗುವ ಕುರ್ಚಿ, ಒಬ್ಬ ಕೆಲಸಗಾರ. ಎರಡು ವರ್ಷದ ಹಿಂದೆ ಅವನು ಗಿರಾಕಿಗಳ ಕಿವಿಯ ಹಿಂದೆ ಒಂದಿಷ್ಟು ಕೂದಲು ಬಿಟ್ಟುಬಿಡುವುದು ಶುರುವಾಯಿತು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ದಾರಿಯಲ್ಲಿಟ್ಟ ಬಕೆಟ್ಟನ್ನು ಒದೆಯುವುದು, ಎದುರು ಬಂದ ಗುರುತಿನವರ ಮಾತಿಗೆ ಬೆಚ್ಚುವುದು. ಅಕ್ಕ ತನಗೆ ಗೊತ್ತಿದ್ದ ಕಣ್ಣಿನ ಡಾಕ್ಟರುಗಳ ಬಳಿಗೆಲ್ಲ ಅವನನ್ನು ಕರೆದೊಯ್ದಳು. ಎಲ್ಲರೂ ಹೇಳಿದ್ದು ಒಂದೇ. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ಬರುತ್ತಿದೆ. ಈಗ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಕಾಣುತ್ತದೆ. ಆ ಕೊಳವೆಯೂ ಕಿರಿದಾಗುತ್ತ ಹೋಗುತ್ತದೆ. ಇದಕ್ಕೆ ಔಷಧಿಯಿಲ್ಲ.

ಕೊನೆಯ ಡಾಕ್ಟರ ಕೋಣೆಯಿಂದ ಹೊರಬಂದು, ಓಣಿಯಂಥ ವರಾಂಡದಲ್ಲಿ ನಿಂತಲ್ಲೇ ಅಕ್ಕ ತೀರ್ಮಾನ ಮಾಡಿಬಿಟ್ಟಳು. ಕಣ್ಣಿರುವಾಗಲೇ ಇವನು ಕಣ್ಣು ತುಂಬ ನೋಡಿಕೊಳ್ಳಬೇಕು. ಇಷ್ಟು ವರ್ಷ ಊರಿನವರ ತಲೆ ನೋಡಿದ್ದು ಬಿಟ್ಟರೆ ಪಾಪ ಇನ್ನೇನು ನೋಡಿದ್ದಾನೆ? ಸಮುದ್ರ, ಬೆಟ್ಟ, ಗುಹೆ, ಅರಮನೆ, ಎಲ್ಲ ನೋಡಿ ತಲೆಯೊಳಗೆ ತುಂಬಿಟ್ಟುಕೊಳ್ಳಲಿ, ಆಮೇಲೆ ಕೂತು ನೆನೆಸಿಕೊಳ್ಳಬಹುದು.

ತಮ್ಮನ ಹೆಂಡತಿ ಮೆಲ್ಲಗೆ ಒಂದು ಮಾತು ಎತ್ತಿದ್ದಳು. “ಅತ್ತಿಗೆ, ಕೋಲು ಹಿಡಿದು ನಡೆಯೋದು ಕಲಿಸೋ ಕೇಂದ್ರ ಇದೆಯಲ್ಲ, ಅಲ್ಲಿ ಇವರ ಹೆಸರು ಕೊಟ್ಟು ಬಂದಿದೀವಿ. ಹೊಸ ತರಗತಿ ಈ ತಿಂಗಳೇ ಶುರು ಅಂದ್ರು.”

“ಕಣ್ಣಿರೋವಾಗಲೇ ಕೋಲು ಯಾಕಮ್ಮ?” ಎಂದಿದ್ದಳು ಅಕ್ಕ. “ಕೋಲಿಗೇನು ಅವಸರ?”

ಗುಂಡ ಇಬ್ಬರ ಮಧ್ಯೆ ಕೂತು ಕಾಫಿ ಕುಡಿಯುತ್ತಿದ್ದವನು ತುಟಿಪಿಟಕ್ಕೆನ್ನಲಿಲ್ಲ. ಅಕ್ಕ ಅದನ್ನು ಒಪ್ಪಿಗೆ ಎಂದೇ ಲೆಕ್ಕ ಹಾಕಿದಳು.

ಅಲ್ಲಿಂದ ಮುಂದೆ ಬರೀ ಓಡಾಟ. ರೈಲು, ಬಸ್ಸು, ದೋಣಿ, ಮತ್ತೆ ಬಸ್ಸು. ಪ್ರತಿ ಸಂಜೆ ಕೋಣೆಗೆ ಬಂದ ಮೇಲೆ ಅಕ್ಕ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳುವಳು: “ಹೇಳು, ಇವತ್ತು ಏನೇನು ನೋಡಿದೆ? ಆ ಗುಹೆಯೊಳಗೆ ಮೇಲಿಂದ ಇಳಿಬಿದ್ದಿತ್ತಲ್ಲ ಕಲ್ಲು, ಅದು ಯಾವ ಬಣ್ಣ?” ಗುಂಡ ಹೇಳುವನು. ತಪ್ಪಿದರೆ ಅವಳು ತಿದ್ದುವಳು. ದಾರಿಯಲ್ಲಿ ಅವನು ಯಾರಿಗಾದರೂ ಡಿಕ್ಕಿ ಹೊಡೆದರೆ, “ನಿದ್ದೆಗೆಟ್ಟಿದಾನೆ, ಏನೂ ಅಂದ್ಕೋಬೇಡಿ,” ಎಂದು ತಾನೇ ಮುಂದೆ ಬಿದ್ದು ಸಮಾಧಾನ ಹೇಳುವಳು. ಯಾರ ಎದುರಿಗೂ ಅವಳು ನಿಜ ಆಡಿರಲಿಲ್ಲ. ನೆಂಟರಿಷ್ಟರಿಗೂ ಕನ್ನಡಕದ ಪವರ್ ಜಾಸ್ತಿಯಾಗಿದೆ ಎಂದಷ್ಟೇ ಹೇಳಿಟ್ಟಿದ್ದಳು. ಇನ್ನು ಅವಳ ಕಣ್ಣೋ, ಯಾವ ಹೊತ್ತೂ ಅವನ ಪಾದದ ಮೇಲೆಯೇ. ಮೆಟ್ಟಿಲು ಬಂತು, ಚರಂಡಿ ಬಂತು, ಕಲ್ಲು ಬಂತು. ಅಷ್ಟು ಊರು ಸುತ್ತಿದರೂ ಅವಳು ನೋಡಿದ್ದು ಬರೀ ನೆಲ.

ತೋಟದ ಬಾಗಿಲು ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಒಳಗೆ ಕಾಲಿಟ್ಟರೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಸೆಕೆ. ಆನೆಯ ಕಿವಿಯಷ್ಟು ಅಗಲದ ಎಲೆಗಳು, ಒಂದರ ಹೆಗಲ ಮೇಲೊಂದು ಹತ್ತಿ ಕೂತ ಬಳ್ಳಿಗಳು, ಆಕಾಶಕ್ಕೆ ಏಣಿ ಹಾಕಿದಂಥ ತಾಳೆಯ ಜಾತಿಯ ಮರಗಳು. ಎಲ್ಲಿಂದಲೋ ನೀರು ಸುರಿಯುವ ಸದ್ದು. ಆ ಹಸಿರಿನ ಮಧ್ಯೆ ಅಲ್ಲಲ್ಲಿ ಗಾಜು. ಒಣಗಿದ ಮರವೊಂದಕ್ಕೆ ಯಾರೋ ಹಳದಿ ಗಾಜಿನ ಎಲೆ ತೊಡಿಸಿದ್ದರು. ಬಿದ್ದ ದಿಮ್ಮಿಯ ಮೈಮೇಲೆ ಕಿತ್ತಳೆ ಬಣ್ಣದ ಗಾಜಿನ ಅಣಬೆಗಳು ಎದ್ದಿದ್ದವು. ಜನ ಅವುಗಳ ಎದುರು ನಿಂತು ಮುಖ ಓರೆ ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

“ನೋಡು ಗುಂಡ, ಆ ಅಣಬೆ ನೋಡು.”

“ನೋಡಿದೆ.”

“ಎಲ್ಲಿ ನೋಡಿದೆ? ನಿನ್ನ ಮುಖ ಆ ಕಡೆಗಿದೆ. ಇಲ್ಲಿ, ಸ್ವಲ್ಪ ಕೆಳಗೆ. ಒಂದೊಂದರ ಒಳಗೂ ಗೆರೆ ಗೆರೆ ಇದೆ, ಕಾಣ್ತಾ?”

“ಕಾಣ್ತು.”

“ಯಾವ ಬಣ್ಣ?”

ಗುಂಡ ನಿಂತ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಮತ್ತೆ ಹಾಕಿಕೊಳ್ಳದೆ ಜೇಬಿಗೆ ಇಳಿಬಿಟ್ಟ.

“ಅಕ್ಕ, ನನಗೆ ನೋಡಿ ನೋಡಿ ಸಾಕಾಗಿದೆ.”

“ಹಾಗಂದ್ರೆ?”

“ಹಾಗಂದ್ರೆ ಹಾಗೇ. ಪರೀಕ್ಷೆಗೆ ಓದೋ ಹುಡುಗನ ಥರ ನೋಡ್ತಾನೇ ಇದೀನಿ. ಸಂಜೆ ಆದ್ರೆ ನೀನು ಪ್ರಶ್ನೆ ಕೇಳ್ತೀಯ. ರಾತ್ರಿ ಕಣ್ಣು ಮುಚ್ಚಿದ್ರೆ ದೀಪಸ್ತಂಭ, ಗುಹೆ, ಅರಮನೆ ಎಲ್ಲ ಕಲಸಿ ಮೇಲೋಗರ ಆಗಿರತ್ತೆ. ಯಾವುದೂ ನನಗೆ ಬೇಕಾಗಿರಲಿಲ್ಲ.”

ಅಕ್ಕನ ಮೈ ಮೊದಲೇ ಬಳಲಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಬೆಳಗಿನಿಂದ ಹಿಡಿದಿಟ್ಟ ಸಿಡುಕೆಲ್ಲ ಒಟ್ಟಿಗೆ ನಾಲಿಗೆಗೆ ಬಂತು.

“ಯಾರಿಗೋಸ್ಕರ ಅಲೀತಿದೀನಿ ನಾನು? ನನ್ನ ಮಂಡಿ ನೋಡಿದೀಯಾ, ಹೇಗೆ ಊದಿದೆ ಅಂತ? ಮನೇಲಿ ಹಾಯಾಗಿ ಕಾಲು ಚಾಚಿ ಬಿದ್ದಿರಬಹುದಾಗಿತ್ತು.”

“ಬಿದ್ದಿರು ಅಂತಾನೇ ನಾನೂ ಹೇಳ್ತಿರೋದು.”

“ಆಮೇಲೆ ಬೇಕು ಅಂದ್ರೆ ಸಿಗಲ್ಲ ಗುಂಡ. ಆಮೇಲೆ...”

ಅವಳು ಮಾತು ಅಲ್ಲಿಗೇ ನುಂಗಿಕೊಂಡಳು. ಗುಂಡ ಅದರ ಬಾಲವನ್ನು ಎಳೆದು ಕೇಳಲಿಲ್ಲ. ಮುಖ ತಿರುಗಿಸಿ ಒಬ್ಬನೇ ನಡೆದುಬಿಟ್ಟ. ಚಿಕ್ಕಂದಿನಿಂದಲೂ ಅವನದು ಇದೇ ಜಗಳ: ಬಾಯಿ ಮುಚ್ಚಿಕೊಂಡು ಕಾಲಿಗೆ ಬುದ್ಧಿ ಹೇಳುವುದು. ಹೋಗಲಿ, ಹತ್ತು ಮಾರು ಹೋಗಿ ನಿಲ್ಲುತ್ತಾನೆ ಎಂದು ಅಕ್ಕ ಹಿಂದೆ ಹೋಗದೆ ಹಾಗೇ ನಿಂತಳು. ಅಷ್ಟು ದಿನಗಳಲ್ಲಿ ಅವನ ಪಾದದ ಮೇಲಿಂದ ಅವಳು ಕಣ್ಣು ಕಿತ್ತದ್ದು ಅದೊಂದು ಸಲ.

ಕಾಲುದಾರಿ ಮುಂದೆ ಬಿದಿರಿನ ಮೆಳೆಯ ಬಳಿ ತಿರುಗುತ್ತಿತ್ತು. ಗುಂಡ ತಿರುಗಲಿಲ್ಲ. ಅವನ ಕೊಳವೆಯೊಳಗೆ ಎದುರಿನ ಹಸಿರು ಇತ್ತು. ಮೊಣಕಾಲೆತ್ತರಕ್ಕೆ ಕಟ್ಟಿದ ಹಗ್ಗ ಇರಲಿಲ್ಲ. ಹಗ್ಗ ಎಡವಿ, ಎರಡೂ ಕೈ ಮುಂದೆ ಚಾಚಿ, ಜರೀಗಿಡಗಳ ಮಧ್ಯೆ ನೆಟ್ಟಿದ್ದ ಕೆಂಪು ಗಾಜಿನ ಜೊಂಡಿನ ಮೇಲೆ ಹೋಗಿ ಬಿದ್ದ. ಸದ್ದು ದೊಡ್ಡದೇನಲ್ಲ, ಯಾರೋ ಅಡುಗೆಮನೆಯಲ್ಲಿ ಒಂದು ಲೋಟ ಕೈಬಿಟ್ಟಷ್ಟು. ಎರವಲು ಕಾಲುಗಳು ಅವಳನ್ನು ಹೇಗೆ ಅಲ್ಲಿಗೆ ಮುಟ್ಟಿಸಿದವೋ ಅವಳಿಗೇ ತಿಳಿಯದು.

ಅವಳಿಗಿಂತ ಮೊದಲು ಕಾವಲಿನವನು ಅಲ್ಲಿದ್ದ. “ಏನ್ರೀ ಇದು, ಹಗ್ಗ ಯಾಕೆ ಕಟ್ಟಿರೋದು? ಹಾಡುಹಗಲೇ ಕುಡಿದು ಬಂದು...”

“ಕುಡಿದಿಲ್ಲ ಅವನು. ಪಕ್ಕಕ್ಕೆ ಸರೀರಿ,” ಎಂದಳು ಅಕ್ಕ. ಥಿಯೇಟರಿನ ದನಿ ಅದು. ಕಾವಲಿನವನು ಹೇಳಿಸಿಕೊಂಡವನಂತೆ ಸರಿದ.

ಗುಂಡನ ಎಡಗಾಲ ಪ್ಯಾಂಟು ಮೊಣಕಾಲ ಕೆಳಗೆ ಹರಿದು ರಕ್ತ ಇಳಿಯುತ್ತಿತ್ತು. ಅಂಗೈ ತರಚಿತ್ತು. ಮುಖಕ್ಕೇನೂ ಆಗಿರಲಿಲ್ಲ. ಅವನು ಎದ್ದು ಕೂತು, ಸುತ್ತಲೂ ಕೈಯಾಡಿಸದೆ, ಕೈಗಳನ್ನು ಎದೆಗೆ ಒತ್ತಿಕೊಂಡು, “ಎಷ್ಟು ಒಡೀತು?” ಎಂದು ಕೇಳಿದ.

“ಅದನ್ನ ಆಮೇಲೆ ನೋಡೋಣ. ಅಲುಗಾಡಬೇಡ.”

ಅಷ್ಟರಲ್ಲಿ ಪ್ರದರ್ಶನದ ಮೇಲ್ವಿಚಾರಕಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಹೆಗಲ ಮೇಲೆ ಒರೆಸುವ ಬಟ್ಟೆ, ಕೈಯಲ್ಲಿ ನೀರಿನ ಬಾಟಲಿ, ಕಣ್ಣ ಕೆಳಗೆ ನಿದ್ದೆಗೇಡಿನ ಕಪ್ಪು. ಒಡೆದ ಗಾಜಿನ ಕಡೆ ಒಮ್ಮೆ ನೋಡಿದಳು, ಗುಂಡನ ಕಾಲಿನ ಕಡೆ ಒಮ್ಮೆ ನೋಡಿದಳು, ಕಾವಲಿನವನಿಗೆ, “ಜನರನ್ನ ಆ ಕಡೆ ಕಳಿಸು,” ಎಂದಳು. ಅವಳೂ ಅಕ್ಕನೂ ಸೇರಿ ಗುಂಡನನ್ನು ಎಬ್ಬಿಸಿ ಪಕ್ಕದ ಶೆಡ್ಡಿಗೆ ಕರೆದುಕೊಂಡು ಹೋದರು. ಶೆಡ್ಡಿನೊಳಗೆ ಹುಲ್ಲು ತುಂಬಿದ ಮರದ ಪೆಟ್ಟಿಗೆಗಳು, ಬಕೆಟ್ಟು, ಕುಂಚ, ಏಣಿ, ಮೂಲೆಯಲ್ಲಿ ಒಂದು ಬೆಂಚು.

ಮೇಲ್ವಿಚಾರಕಿ ಔಷಧಿಯ ಡಬ್ಬಿ ತಂದು ತೆರೆದಿಟ್ಟಳು. ಅಕ್ಕ ಕೈ ತೊಳೆದುಕೊಂಡು ಕೂತಳು. ಚಿಮುಟಿಯಿಂದ ಒಂದು ಸಣ್ಣ ಗಾಜಿನ ಚೂರು ತೆಗೆದು ಮುಚ್ಚಳದ ಮೇಲಿಟ್ಟಳು. ಅದು ರಕ್ತದಷ್ಟೇ ಕೆಂಪಾಗಿದ್ದರಿಂದ ಇನ್ನೇನಾದರೂ ಉಳಿದಿದೆಯೋ ಎಂದು ಬೆರಳಿನಿಂದ ಮತ್ತೆ ಮತ್ತೆ ಸವರಿ ನೋಡಬೇಕಾಯಿತು.

“ಹೊಲಿಗೆ ಬೇಕಾಗಲ್ಲ,” ಎಂದಳು.

“ಹಗ್ಗ ಕಾಣಲಿಲ್ವಾ ಸರ್?” ಎಂದು ಮೇಲ್ವಿಚಾರಕಿ ಕೇಳಿದಳು. ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ.

“ಬಿಸಿಲಮ್ಮ,” ಎಂದಳು ಅಕ್ಕ, ಹತ್ತಿಯನ್ನು ಔಷಧಿಯಲ್ಲಿ ಅದ್ದುತ್ತ. “ಬೆಳಿಗ್ಗೆ ಸರಿಯಾಗಿ ತಿಂಡಿ ತಿಂದಿಲ್ಲ, ತಲೆ ಸುತ್ತಿ...”

“ಇಲ್ಲಮ್ಮ, ಬಿಸಿಲಲ್ಲ,” ಎಂದ ಗುಂಡ. “ನನಗೆ ಕಣ್ಣು ಕಾಣಿಸಲ್ಲ.”

ಅಕ್ಕನ ಕೈ ನಿಂತಿತು. ಹತ್ತಿಯಿಂದ ಔಷಧಿ ತೊಟ್ಟಿಕ್ಕಿ ಅವಳ ಸೀರೆಯ ಮೇಲೆ ಬಿತ್ತು.

“ನೇರ ಎದುರಿಗೆ ಒಂದು ತಟ್ಟೆಯಷ್ಟು ಅಗಲ ಕಾಣತ್ತೆ,” ಎಂದು ಅವನು ಮೇಲ್ವಿಚಾರಕಿಗೆ ವಿವರಿಸಿದ, ಅಂಗಡಿಯ ವಿಳಾಸ ಹೇಳುವವನ ಹಾಗೆ ನಿಧಾನವಾಗಿ. “ನಿಮ್ಮ ಮುಖ ಕಾಣತ್ತೆ. ಕೈ ಕಾಣಲ್ಲ. ನೆಲ ಕಾಣಲ್ಲ. ಮುಂದಿನ ವರ್ಷಕ್ಕೆ ಮುಖವೂ ಕಾಣಲ್ಲ ಅಂತ ಹೇಳಿದಾರೆ. ನಾನು ಮೊದಲೇ ಹೇಳಬೇಕಾಗಿತ್ತು. ನಿಮ್ಮ ವಸ್ತು ಹಾಳಾಯ್ತು, ತಪ್ಪಾಯ್ತು.”

ಎರಡು ವರ್ಷದಲ್ಲಿ ಆ ಮಾತನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ. ‘ಪವರ್’ ಎನ್ನುತ್ತಿದ್ದರು, ‘ತೊಂದರೆ’ ಎನ್ನುತ್ತಿದ್ದರು, ಅಕ್ಕನಂತೂ ಡಾಕ್ಟರುಗಳು ರೋಗಕ್ಕಿಟ್ಟ ಉದ್ದನೆಯ ಹೆಸರನ್ನು ಅಡ್ಡ ಹಿಡಿದುಕೊಂಡಿದ್ದಳು. ಇವನು ಮೂರೇ ಶಬ್ದದಲ್ಲಿ, ಗುರುತುಪರಿಚಯವಿಲ್ಲದ ಹೆಂಗಸಿನ ಎದುರು ಹೇಳಿ ಮುಗಿಸಿದ್ದ. ಹೇಳಿದ ಮೇಲೆ ಛಾವಣಿಯೇನೂ ಕುಸಿಯಲಿಲ್ಲ.

“ಗಾಜಿನ ಕಡ್ಡಿ ಹೋದ್ರೆ ಹೋಗ್ಲಿ ಬಿಡಿ ಸರ್,” ಎಂದಳು ಮೇಲ್ವಿಚಾರಕಿ. ಮರದ ಪೆಟ್ಟಿಗೆಯೊಂದನ್ನು ಕಾಲಿನಿಂದ ತಟ್ಟಿದಳು. “ಇದರ ತುಂಬ ಅದೇ ಇರೋದು. ಮೊನ್ನೆ ಮರದಿಂದ ಒಂದು ಒಣಸೋಗೆ ಬಿದ್ದು ನಿಮಗಿಂತ ಜಾಸ್ತಿ ಒಡೆದುಹಾಕ್ತು. ಅಳಿಲುಗಳು ಬೇರೆ. ಹಕ್ಕಿಗಳಿಗಂತೂ ಕಲೆ ಅಂದ್ರೆ ಬಹಳ ಪ್ರೀತಿ, ದಿನಾ ಬೆಳಿಗ್ಗೆ ಬಂದು ಅಭಿಪ್ರಾಯ ಬರೆದು ಹೋಗ್ತವೆ. ಅದನ್ನ ಒರೆಸೋದೇ ನನ್ನ ನೌಕರಿ.”

ಗುಂಡನಿಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಅವಳು ತಲೆ ತಗ್ಗಿಸಿ ಬಟ್ಟೆ ಸುತ್ತಿದಳು, ಗಂಟು ಹಾಕಿದಳು, ಗಂಟು ಸರಿಯಾಗಿದ್ದರೂ ಬಿಚ್ಚಿ ಮತ್ತೊಮ್ಮೆ ಹಾಕಿದಳು.

ತೋಟದ ಕ್ಯಾಂಟೀನು ಕೊಳದ ಈಚೆ ದಡದಲ್ಲಿ, ಮರದ ನೆರಳಿಗಿತ್ತು. ಇಬ್ಬರೂ ಟೀ ಹಿಡಿದು ಕೂತರು. ಗುಂಡ ಗಾಯದ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡಿದ್ದ. ಕ್ಯಾಂಟೀನಿನವಳು ಟೇಬಲ್ಲು ಒರೆಸಿ ಹೋದಳು. ಮತ್ತೆ ಬಂದು ಅದೇ ಟೇಬಲ್ಲನ್ನು ಮತ್ತೆ ಒರೆಸಿ ಹೋದಳು.

“ನೋವಿದೆಯಾ?” ಎಂದು ಕೊನೆಗೆ ಅಕ್ಕ ಕೇಳಿದಳು.

“ಚುರುಚುರು ಅಂತಿದೆ.” ಗುಂಡ ಲೋಟ ಕೆಳಗಿಟ್ಟ, ಟೇಬಲ್ಲಿನ ಅಂಚನ್ನು ಕಿರುಬೆರಳಿನಿಂದ ಮೊದಲು ಮುಟ್ಟಿ ನೋಡಿ. “ಅಕ್ಕ, ಬೇಜಾರು ಮಾಡ್ಕೋಬೇಡ. ಒಂದು ವಿಷಯ ಹೇಳ್ತೀನಿ. ಆ ಕೇಂದ್ರಕ್ಕೆ ಫೋನ್ ಮಾಡಿದ್ದೆ.”

“ಯಾವಾಗ?”

“ನಿನ್ನೆ. ಸ್ನಾನದ ಮನೆಯಿಂದ.”

“ನಲ್ಲಿ ಬಿಟ್ಕೊಂಡು ಅಷ್ಟು ಹೊತ್ತು ಏನು ಮಾಡ್ತಿದಾನೆ ಅಂದ್ಕೊಂಡೆ.”

“ನಲ್ಲಿ ಸದ್ದಿಗೆ ಅವರಿಗೂ ಏನೂ ಕೇಳಿಸಲಿಲ್ಲ. ಮೂರು ಸಲ ಹೇಳಬೇಕಾಯ್ತು. ತರಗತಿ ಶುರುವಾಗಿಬಿಟ್ಟಿದೆಯಂತೆ. ಈ ವಾರದೊಳಗೆ ಬಂದ್ರೆ ಸೇರಿಸ್ಕೊಳ್ತಾರೆ. ಇಲ್ಲಾಂದ್ರೆ ಮುಂದಿನ ತಂಡ ಬರೋತನಕ ಕಾಯಬೇಕು. ಆಗ ನನಗೆ ಇಷ್ಟು ಕಣ್ಣೂ ಇರತ್ತೋ ಇಲ್ವೋ. ಸ್ವಲ್ಪ ಕಾಣೋವಾಗಲೇ ಕಲಿತರೆ ಸುಲಭ ಅಂತಾರೆ ಅವರು.”

“ಅಲ್ಲಿಗೆ ಸೇರೋ ಮನಸ್ಸಿದೆ ಅಂತ ಹೊರಡೋ ಮುಂಚೆ ಹೇಳಬಾರದಾಗಿತ್ತಾ?”

“ನಿನಗೆ ಹೇಳೋದು ಅಷ್ಟು ಸುಲಭವಾ?” ಅವನು ನಗುತ್ತಲೇ ಹೇಳಿದ. “ನೀನು ಬ್ಯಾಗು ತುಂಬಿಯಾಗಿತ್ತು. ನನ್ನ ಬ್ಯಾಗೂ ನೀನೇ ತುಂಬಿದ್ದೆ.”

ಅಕ್ಕ ಟೀ ಕುಡಿದಳು. ಅದು ಯಾವಾಗಲೋ ತಣ್ಣಗಾಗಿತ್ತು.

“ಇನ್ನೊಂದು ಇದೆ,” ಎಂದ ಗುಂಡ. “ನಾನು ಬಲೂನಿಗೆ ಕ್ಷೌರ ಮಾಡ್ತಿದೀನಿ.”

“ಏನಕ್ಕೆ?”

“ಬಲೂನಿಗೆ. ಕೆಲಸ ಕಲಿಯೋವಾಗ ಮೊದಲು ಅದೇ ಮಾಡಿಸ್ತಾರೆ. ಊದಿ, ಸೋಪಿನ ನೊರೆ ಬಳಿದು, ಕತ್ತಿಯಿಂದ ನೊರೆ ತೆಗೀಬೇಕು, ಬಲೂನು ಒಡೀಬಾರದು. ಈಗ ಅಂಗಡಿ ಮುಚ್ಚಿದ ಮೇಲೆ ಕಣ್ಣಿಗೆ ಬಟ್ಟೆ ಕಟ್ಕೊಂಡು ಮಾಡ್ತೀನಿ. ಮೊದಮೊದಲು ಎಲ್ಲಾ ಢಂ ಅಂತಿತ್ತು. ನಿನ್ನ ನಾದಿನಿ ಮುಖದ ತುಂಬ ನೊರೆ. ಪಕ್ಕದ ಅಂಗಡಿಯವನು ಗಂಡ ಹೆಂಡತಿ ಪಟಾಕಿ ಹೊಡೀತಿದಾರೆ ಅಂತ ಇಣುಕಿ ನೋಡಿದ್ದ. ಈಗ ಒಡೆಯೋದು ಕಮ್ಮಿಯಾಗಿದೆ. ಗಿರಾಕಿಗಳ ಗಂಟಲಿಗೆ ಕತ್ತಿ ಇಡೋ ಧೈರ್ಯ ನನಗಿಲ್ಲ, ಅವರಿಗೂ ಇರಲ್ಲ. ಆದ್ರೆ ಕತ್ತರಿ, ಬಾಚಣಿಗೆ, ತಲೆ ತಿಕ್ಕೋದು, ಅದಕ್ಕೆಲ್ಲ ಕೈ ಸಾಕು. ಅಂಗಡಿ ಮುಚ್ಚಲ್ಲ ನಾನು.”

ಅಕ್ಕನ ತುಟಿಯ ಕೊನೆ ಅಲುಗಿತು. ನಾದಿನಿಯ ಮುಖದ ಮೇಲಿನ ನೊರೆ ಕಣ್ಣಿಗೆ ಕಟ್ಟಿ, ಬೇಡವೆಂದರೂ ನಗು ಉಕ್ಕಿತು. ನಗುತ್ತ ನಗುತ್ತಲೇ ಅವಳಿಗೆ ಹೊಳೆಯಿತು. ತಾನು ಊರೂರು ತಿರುಗಿಸಿ ಇವನ ತಲೆಗೆ ಗುಡ್ಡ ಬೆಟ್ಟ ತುಂಬುತ್ತಿದ್ದರೆ, ಇವನು ಆಗಲೇ ಮುಂದಿನ ಬದುಕಿಗೆ ಅಂಗಡಿಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದ. ಅದು ನಾದಿನಿಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ. ಎದುರಿನವರಿಗೆ ಬೇಕಾದ್ದನ್ನು ಕೈಗಿಡುವವಳು ತಾನು ಎಂದುಕೊಂಡಿದ್ದಳಲ್ಲ, ಈ ಸಲ ಕೈಗಿಟ್ಟದ್ದೇ ತಪ್ಪು ಕತ್ತರಿ.

“ನನಗೆ ಸುಸ್ತಾಗಿದೆ ಗುಂಡ,” ಎಂದಳು. ಅವಳ ಬಾಯಿಂದ ಅಂಥ ಮಾತು ಅವನು ಕೇಳಿದ್ದು ಕಡಿಮೆ.

“ಗೊತ್ತು. ನಿನ್ನ ಹೆಜ್ಜೆ ಸದ್ದು ಬದಲಾಗಿದೆ. ಎಡಗಾಲು ಎಳೀತೀಯ.” ಅವನು ಕುರ್ಚಿಗೆ ಒರಗಿದ. “ನಾನು ಇಲ್ಲೇ ಕೂತಿರ್ತೀನಿ. ಎಲ್ಲಿಗೂ ಹೋಗಲ್ಲ, ಬಿದ್ದು ಸಾಕಾಗಿದೆ. ನೀನು ಹೋಗಿ ನೋಡ್ಕೊಂಡು ಬಾ.”

“ನಾನೇನು ನೋಡ್ಲಿ?”

“ಗಾಜು. ಇಷ್ಟು ದೂರ ಬಂದು ನೀನು ಒಂದಾದ್ರೂ ನೋಡಿದೀಯಾ?”

ಅವಳು ಬೇಡ ಎನ್ನಬೇಕೆಂದುಕೊಂಡಳು. ಆದರೆ ಎದ್ದು ಹೊರಟಳು. ಕೂತರೆ ಅವನ ಎದುರಿಗೇ ಕಣ್ಣೀರು ಬಂದೀತೆಂಬ ಹೆದರಿಕೆ ಒಂದು ಕಡೆ, ಒಂದು ಗಳಿಗೆ ಯಾರ ಪಾದವನ್ನೂ ಕಾಯದೆ ನಡೆಯುವ ಆಸೆ ಇನ್ನೊಂದು ಕಡೆ.

ಕೊಳವನ್ನು ಬಳಸಿ ಹೋಗುವ ದಾರಿಯಲ್ಲಿ ಜನ ಕಡಿಮೆಯಿದ್ದರು. ಅವಳು ನಿಧಾನವಾಗಿ, ಕಾಲು ಎಳೆದುಕೊಂಡೇ ನಡೆದಳು. ಆಚೆ ದಡ ತಲುಪಿ ತಿರುಗಿದಾಗ ನೀರಿನ ಮೇಲಿದ್ದದ್ದು ಕಂಡಿತು. ತಾವರೆಯ ನಿಜವಾದ ಎಲೆಗಳ ನಡುವೆ ಗಾಜಿನ ಎಲೆಗಳನ್ನು ತೇಲಬಿಟ್ಟಿದ್ದರು. ನೀಲಿ, ಮಸುಕು ಹಸಿರು, ಒಂದೆರಡು ಬರೀ ನೀರಿನ ಬಣ್ಣ. ಯಾವುದು ಬೆಳೆದದ್ದು, ಯಾವುದು ಮಾಡಿದ್ದು ಎಂದು ಮೊದಲ ನೋಟಕ್ಕೆ ತಿಳಿಯುತ್ತಿರಲಿಲ್ಲ. ಗಾಳಿ ಬಂದರೆ ನಿಜವಾದವು ಅಂಚು ಎತ್ತುತ್ತಿದ್ದವು, ಗಾಜಿನವು ತೂಗಾಡುತ್ತಿದ್ದವು. ಬಿಸಿಲು ಒಂದರೊಳಗಿಂದ ಹಾಯ್ದು ನೀರಿನ ತಳದ ಕೆಸರಿನ ಮೇಲೆ ನೀಲಿ ಚುಕ್ಕೆಯೊಂದನ್ನು ಇಟ್ಟಿತ್ತು. ಸಣ್ಣ ಮೀನೊಂದು ಅದರೊಳಗೆ ಹೊಕ್ಕು ನೀಲಿಯಾಗಿ, ಹೊರಬಂದು ಮತ್ತೆ ಕಂದು ಬಣ್ಣಕ್ಕೆ ತಿರುಗಿತು.

“ನೋಡು” ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ದಡದ ಕಲ್ಲಿನ ಮೇಲೆ ಕೂತಳು. ಥಿಯೇಟರಿನಲ್ಲಿ ಎಷ್ಟೋ ಸಲ, ಡಾಕ್ಟರು ಕೈಗವಸು ಬಿಚ್ಚಿ ಸುಮ್ಮನೆ ಹೊರಗೆ ಹೋಗುತ್ತಿದ್ದರು, ಇನ್ನು ಮಾಡುವುದೇನೂ ಉಳಿದಿಲ್ಲ ಎಂದು. ಆಗಲೂ ಅವಳಿಗೆ ಕೆಲಸ ಇರುತ್ತಿತ್ತು: ಸಲಕರಣೆ ಎಣಿಸುವುದು, ಬಟ್ಟೆ ತೆಗೆಯುವುದು, ಒರೆಸುವುದು. ಕೈಗೆ ಕೆಲಸವಿದ್ದರೆ ಎದೆಗೆ ಬಿಡುವು. ಗುಂಡನ ಕಣ್ಣಿನ ವಿಷಯ ಕೇಳಿದ ದಿನದಿಂದಲೂ ಅವಳು ಹಾಗೇ ಕೈಗೆ ಕೆಲಸ ಹುಡುಕಿಕೊಂಡು ಓಡುತ್ತಿದ್ದಳು. ಈಗ ಓಡಲು ಕಾಲಿನಲ್ಲಿ ಬಲವಿರಲಿಲ್ಲ. ಹೆದರಿದವಳು ತಾನು ಎಂದು ಅವಳಿಗೆ ಅನ್ನಿಸಿತು. ಅವನೂ ಹೆದರಿದ್ದಾನು, ಆದರೆ ಅವನು ಹೆದರಿಕೆಯನ್ನು ಎದುರಿಗೆ ಕೂರಿಸಿಕೊಂಡು ಅದಕ್ಕೂ ನೊರೆ ಬಳಿಯುತ್ತಿದ್ದ.

ಸ್ವಲ್ಪ ಹೊತ್ತು ಅತ್ತಳು. ದಾರಿಯಲ್ಲಿ ಹೋದವರೊಬ್ಬರು ತಿರುಗಿ ನೋಡಿದರು. ಸೆಕೆಗೆ ಎಲ್ಲರೂ ಮುಖ ಒರೆಸಿಕೊಳ್ಳುತ್ತಲೇ ಇದ್ದುದರಿಂದ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಯಾರಿಗೂ ಹೆಚ್ಚೆನ್ನಿಸಲಿಲ್ಲ. ಆಮೇಲೆ ಮತ್ತೆ ನೀರು ನೋಡಿದಳು. ಕೊಳದಿಂದ ಮುಂದೆಯೂ ಗಾಜು ಇತ್ತು, ಬಾಣದ ಗುರುತು ಆ ಕಡೆಗೆ ತೋರಿಸುತ್ತಿತ್ತು. ಅವಳು ಹೋಗಲಿಲ್ಲ. ಇದೊಂದೇ ಸಾಕೆನ್ನಿಸಿತು.

ಅವಳು ಹಿಂದಿರುಗಿದಾಗ ಗುಂಡ ಕ್ಯಾಂಟೀನಿನವಳ ಜೊತೆ ಹರಟೆಗಿಳಿದಿದ್ದ. ಅವಳ ಗಂಡನ ತಲೆ ಯಾಕೆ ಬೋಳಾಗುತ್ತಿದೆ ಎಂಬ ವಿಷಯ ನಡೆಯುತ್ತಿತ್ತು.

“ಹೇಗಿತ್ತು?” ಎಂದು ಅಕ್ಕನ ಹೆಜ್ಜೆ ಹತ್ತಿರ ಬಂದೊಡನೆ ಕೇಳಿದ.

“ಚೆನ್ನಾಗಿತ್ತು.”

“ಅಷ್ಟೇನಾ? ನಾನು ಅಷ್ಟೇ ಅಂದಿದ್ರೆ ಬಿಡ್ತಿದ್ದೆಯಾ ನೀನು?”

ಅಕ್ಕ ಕುರ್ಚಿ ಎಳೆದು ಕೂತಳು. “ನೀರ ಮೇಲೆ ಗಾಜಿನ ಎಲೆ ಬಿಟ್ಟಿದಾರೆ. ನೀಲಿ. ನೀಲಿ ಅಂದ್ರೆ... ಹೇಗೆ ಹೇಳೋದಪ್ಪ. ನಿನ್ನ ಅಂಗಡೀಲಿ ಬಾಚಣಿಗೆ ನೆನೆಹಾಕೋ ಜಾಡಿ ಇದೆಯಲ್ಲ, ಆ ಔಷಧಿ ನೀರಿನ ನೀಲಿ.”

“ಗೊತ್ತಾಯ್ತು. ಬೆಳಿಗ್ಗೆ ಬಿಸಿಲು ಬಿದ್ದಾಗ ಕನ್ನಡಿ ಮೇಲೆ ಬೀಳತ್ತಲ್ಲ, ಆ ನೀಲಿ,” ಎಂದ ಗುಂಡ. “ಅದು ನನಗೆ ಚೆನ್ನಾಗಿ ನೆನಪಿದೆ.”

“ನಾಳೆ ಬೆಳಿಗ್ಗೆ ಊರಿಗೆ ಹೊರಡೋಣ,” ಎಂದಳು ಅಕ್ಕ.

“ಆ ಜಲಪಾತ? ನಾಳೆ ಅದನ್ನ ನೋಡಬೇಕು ಅಂತ ನೀನೇ ಹೇಳಿದ್ದೆಯಲ್ಲ.”

“ನೀರು ತಾನೇ, ನಾವಿಲ್ಲದಿದ್ರೂ ಬೀಳತ್ತೆ.”

ಗುಂಡ ಜೋರಾಗಿ ನಕ್ಕ. ಕ್ಯಾಂಟೀನಿನವಳೂ ಏನೆಂದು ತಿಳಿಯದೆಯೇ ನಕ್ಕಳು.

ಆ ವಾರ ಮುಗಿಯುವುದರೊಳಗೆ ಅವನು ಕೇಂದ್ರ ಸೇರಿದ. ಕೋಲು ಹಿಡಿದು ಮೊದಲ ಸಲ ಅಂಗಡಿಯವರೆಗೆ ನಡೆದ ದಿನ ಅಕ್ಕ ಬೀದಿಯ ಕೊನೆಯಲ್ಲಿ ನಿಂತು, ಹತ್ತಿರ ಹೋಗದೆ, ಸೆರಗು ಬಾಯಿಗೆ ಒತ್ತಿಕೊಂಡು ನೋಡಿದಳು. ದಾರಿಯಲ್ಲಿ ಎರಡು ಸಲ ಎಡವಿದ, ಒಬ್ಬ ತರಕಾರಿಯವನ ಬುಟ್ಟಿ ಉರುಳಿಸಿ ಬೈಸಿಕೊಂಡ. ಆದರೆ ಹೋಗಿ ಮುಟ್ಟಿ, ತಾನೇ ಬೀಗ ತೆಗೆದ. ಅದೆಲ್ಲ ಆಮೇಲಿನ ಮಾತು.

ಆ ಸಂಜೆ ತೋಟದಿಂದ ಹೋಟೆಲ್ಲಿಗೆ ಬಸ್ಸು ಹಿಡಿದಾಗ ಇಬ್ಬರಿಗೂ ಪುಣ್ಯಕ್ಕೆ ಸೀಟು ಸಿಕ್ಕಿತು. ಬಸ್ಸು ಹೊರಟು ಗಾಳಿ ಮುಖಕ್ಕೆ ತಾಗಿದ್ದೇ ತಡ ಅಕ್ಕನ ತಲೆ ತೂಗತೊಡಗಿತು. ಪ್ರವಾಸದುದ್ದಕ್ಕೂ ಅವಳು ಬಸ್ಸಿನಲ್ಲಿ ರೆಪ್ಪೆ ಮುಚ್ಚಿದವಳಲ್ಲ. ಇಳಿಯುವ ಜಾಗ ತಪ್ಪೀತೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದಳು. ಇವತ್ತು ತಲೆ ತಾನಾಗಿಯೇ ವಾಲಿ ಗುಂಡನ ಎಲುಬಿನ ಹೆಗಲ ಮೇಲೆ ಹೋಗಿ ಕೂತಿತು. ಗುಂಡ ಅವಳ ಕೈಚೀಲವನ್ನು ಮೆಲ್ಲಗೆ ಬಿಡಿಸಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಕಂಡಕ್ಟರು ಹತ್ತಿರ ಬಂದ ಸದ್ದಾಯಿತು. ನಿದ್ದೆಯ ಅಂಚಿನಲ್ಲಿದ್ದ ಅಕ್ಕನಿಗೆ ತಮ್ಮನ ಮಾತು ಕೇಳಿಸಿತು.

“ಸ್ವಾಮಿ, ನನಗೆ ಕಣ್ಣು ಕಾಣಿಸಲ್ಲ. ನಮ್ಮ ಅಕ್ಕ ಮಲಗಿದಾರೆ. ಪೇಟೆ ಚೌಕ ಬಂದಾಗ ಸ್ವಲ್ಪ ಹೇಳ್ತೀರಾ?”

“ಹೇಳ್ತೀನಿ ಬಿಡಿ, ಇನ್ನೂ ಬಹಳ ದೂರ ಇದೆ,” ಎಂದ ಕಂಡಕ್ಟರು ಟಿಕೆಟ್ಟು ಹರಿದು, ಗುಂಡನ ಅಂಗೈ ಹುಡುಕಿ ಅದರಲ್ಲಿಟ್ಟು ಮುಂದಕ್ಕೆ ಹೋದ.

ಅಕ್ಕ ಕಣ್ಣು ತೆರೆಯಲಿಲ್ಲ.